ಹನ್ನೊಂದು ಆಸ್ಪತ್ರೆಗಳ ಪುಟ

ಕಾಂಪೌಂಡರ ಕುತ್ತಿಗೆ ಎಡಕ್ಕೆ ವಾಲಿತ್ತು. ಸರ್ಕಾರಿ ಆಸ್ಪತ್ರೆಯ ಔಷಧಿ ಕೊಠಡಿಯಲ್ಲಿ ಎದೆಮಟ್ಟಕ್ಕಿಂತ ಕೆಳಗೆ ಒಂದು ಕಿಂಡಿ. ಅದರೊಳಗಿಂದ ಆಚೆ ನಿಂತವರ ಮುಖವನ್ನು ಬಗ್ಗಿ ನೋಡಿ ನೋಡಿ, ಮೂವತ್ತು ವರ್ಷಕ್ಕೆ ಕುತ್ತಿಗೆ ಹಾಗೇ ನಿಂತುಬಿಟ್ಟಿತ್ತು. ನಿವೃತ್ತರಾದ ಮೇಲೂ, ಬಟಾಬಯಲಲ್ಲಿ ಎದುರಿಗೆ ನಿಂತವರನ್ನೂ ಕಿಂಡಿಯಿಂದ ಇಣುಕಿದ ಹಾಗೇ ನೋಡುತ್ತಿದ್ದರು. ಪಿರಿಯಾಪಟ್ಟಣದ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಆನ್‌ಲೈನ್ ಸೆಂಟರ್ ಇದೆ. ಪಹಣಿ, ಆಧಾರ್, ಅರ್ಜಿ ಇಂಥವು. ಅಲ್ಲಿಗೆ ಮೊದಲ ಸಲ ಬಂದವರು ಹಾಗೆ ಇಣುಕಿದಾಗ, ನನ್ನ ಸ್ಕ್ರೀನನ್ನು ಕದ್ದು ನೋಡುತ್ತಿದ್ದಾರೆ ಅಂದುಕೊಂಡು ಮುಖ ಸಿಂಡರಿಸಿದ್ದೆ. ನನಗೆ ಮೂಗಿನ ತುದಿಯಲ್ಲಿ ಕೋಪ. ಅದನ್ನು ಅವರು ಕೊನೆಯವರೆಗೂ ಸಹಿಸಿಕೊಂಡರು.

ಅವತ್ತು ಅವರ ಕೈಯಲ್ಲೊಂದು ಪಟ್ಟಿ ಇತ್ತು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕುಗಳ ಹನ್ನೊಂದು ಆಸ್ಪತ್ರೆಗಳ ಹೆಸರು, ಪಕ್ಕದಲ್ಲಿ ಫೋನ್ ನಂಬರ್, ಅದರ ಪಕ್ಕದಲ್ಲಿ ಒಂದು ಸಂಖ್ಯೆ. ಟೈಪ್ ಮಾಡಿ ಕೊಡು ಅಂದರು.

"ಇದೇನು ಸಾರ್ ಈ ಸಂಖ್ಯೆ?" ಎಂದೆ.

"ಹುಳ ಮುಟ್ಟಿದೋರ್ಗೆ ಕೊಡೋ ಇಂಜೆಕ್ಷನ್ ಕಣವ್ವ. ಯಾವ ಆಸ್ಪತ್ರೇಲಿ ಇವತ್ತು ಎಷ್ಟು ಬಾಟ್ಲಿ ಅದೆ ಅಂತ."

ನಮ್ಮ ಕಡೆ ಹಾವು ಎಂದು ಬಾಯಿಬಿಟ್ಟು ಹೇಳುವವರು ಕಡಿಮೆ. ಹುಳ ಅನ್ನುತ್ತಾರೆ, ಅದೂ ದನಿ ತಗ್ಗಿಸಿ. ಕಾಂಪೌಂಡರು ಹುಳ ಅಂದರೂ ದನಿ ತಗ್ಗಿಸುತ್ತಿರಲಿಲ್ಲ. ಜ್ವರ, ಭೇದಿ ಅನ್ನುವಷ್ಟೇ ಸಲೀಸಾಗಿ ಹೇಳುತ್ತಿದ್ದರು.

ಈ ಪಟ್ಟಿಯ ಹಿಂದಿನ ಕತೆಯನ್ನು ಅವರು ನನಗೆ ಒಂದೇ ಸಲ ಹೇಳಿದ್ದು. ಸರ್ವಿಸ್ಸಿನಲ್ಲಿದ್ದಾಗ ಒಂದು ಮಧ್ಯಾಹ್ನ, ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸನ್ನು ಎತ್ತಿನ ಗಾಡಿಯಲ್ಲಿ ಕರೆತಂದಿದ್ದಾರೆ. ಇವರಲ್ಲಿ ಮದ್ದು ಮುಗಿದು ಎರಡು ದಿನವಾಗಿತ್ತು. ಇನ್ನೊಂದು ಆಸ್ಪತ್ರೆಗೆ ಕಳಿಸಿದರು. ಅಲ್ಲೂ ಇರಲಿಲ್ಲ. "ನನ್ ಕಿಂಡಿ ಮುಂದೆ ಕೂತಿದ್ಲು ಕಣವ್ವ. ಚೆನ್ನಾಗೇ ಮಾತಾಡ್ತಿದ್ಲು. ನೀರು ಕೇಳಿದ್ಲು. ಮೂರನೇ ಆಸ್ಪತ್ರೆ ಗೇಟಲ್ಲಿ ಪ್ರಾಣ ಬುಟ್ಲಂತೆ. ಅಲ್ಲಿ ಬೇಕಾದಷ್ಟಿತ್ತು. ಮೊದಲೇ ಅಲ್ಲಿಗೋಗು ಅನ್ನೋಕೆ ನಂಗೊತ್ತಿರ್ಬೇಕಲ್ಲ."

ನಿವೃತ್ತಿಯಾದ ಮಾರನೇ ದಿನದಿಂದ ಬೆಳಿಗ್ಗೆ ಆರೂವರೆಗೆ ಹಣೆಗೆ ವಿಭೂತಿ ಇಟ್ಟುಕೊಂಡು ಜಗಲಿಯ ಮೇಲೆ ಕೂತು ಹನ್ನೊಂದೂ ಕಡೆ ಫೋನ್ ಮಾಡುತ್ತಿದ್ದರು. ಯಾರೂ ಅವರಿಗೆ ಈ ಕೆಲಸ ಒಪ್ಪಿಸಿರಲಿಲ್ಲ. ಹಳೆಯ ಪರಿಚಯದ ಕಾಂಪೌಂಡರುಗಳು, ನರ್ಸುಗಳು ಎಣಿಸಿ ಹೇಳುತ್ತಿದ್ದರು. ಮೊದಮೊದಲು ಪಟ್ಟಿಯನ್ನು ಬಸ್‌ಸ್ಟ್ಯಾಂಡಿನ ಗೋಡೆಗೆ ಅಂಟಿಸಿದರು. ಆಮೇಲೆ ವಾಟ್ಸಾಪಿನಲ್ಲಿ ಬಿಟ್ಟರು. ಅದೇ ಅವರಿಗೆ ಭಯ ಹುಟ್ಟಿಸಿತು. ಮಂಗಳವಾರದ ಪಟ್ಟಿ ಮುಂದಿನ ಸೋಮವಾರವೂ ಊರೂರು ಸುತ್ತುತ್ತಿತ್ತು. "ಸುಳ್ಳಿಗಿಂತ ಹಳೇ ನಿಜ ಕೆಟ್ಟದ್ದು ಕಣವ್ವ. ನಂಬ್ಕಂಡು ಹೋಗ್ಬುಡ್ತಾರೆ" ಎಂದರು.

ನಾನು ಡಿಪ್ಲೊಮಾ ಓದಿದವಳು. ಅರ್ಜಿ ತುಂಬಿಸಿ ತುಂಬಿಸಿ ಕಲಿತದ್ದೆಲ್ಲ ತುಕ್ಕು ಹಿಡಿಯುತ್ತಿದೆ ಎಂಬ ಸಂಕಟ ಬೇರೆ ಇತ್ತು. "ವೆಬ್‌ಸೈಟ್ ಮಾಡೋಣ ಸಾರ್" ಅಂದೆ. ಲಾಗಿನ್ ಇಲ್ಲ, ಚಿತ್ರ ಇಲ್ಲ, ಒಂದೇ ಒಂದು ಪುಟ. ಕಾಡಂಚಿನಲ್ಲಿ ಸಿಗ್ನಲ್ ಒಂದೇ ಗೆರೆ ಇದ್ದರೂ ತೆರೆದುಕೊಳ್ಳುವಂಥದ್ದು. ಕಾಂಪೌಂಡರು ತಮ್ಮ ಫೋನಿನಲ್ಲಿ ಒಂದು ಹಾಳೆ ತುಂಬಿ ಕಳಿಸುವುದು. ಎಲ್ಲೋ ಇರುವ ಯಂತ್ರ ಅದನ್ನು ತೆಗೆದುಕೊಂಡು ಪುಟವನ್ನು ಹೊಸದಾಗಿ ಕಟ್ಟಿ ಮೇಲೇರಿಸುವುದು. ಹಳೆಯದು ಅಳಿದು ಹೊಸದು ನಿಲ್ಲುತ್ತದೆ. ಊರೂರು ಸುತ್ತಲು ಹಳೆಯ ಪಟ್ಟಿ ಉಳಿಯುವುದೇ ಇಲ್ಲ. ಇದನ್ನು ಕೇಳಿ ಅವರ ಮುಖ ಅರಳಿದ್ದು ನನಗೆ ಚೆನ್ನಾಗಿ ನೆನಪಿದೆ.

ಪುಟದ ವಿಳಾಸ ಬರೆದ ಚೀಟಿಗಳನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿ ಹೊರಟುಬಿಡುತ್ತಿದ್ದರು. ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳ ಬಾಗಿಲಿಗೆ, ಹಾಲಿನ ಡೈರಿಗಳಿಗೆ, ಬೈಲಕುಪ್ಪೆಯ ಟಿಬೆಟಿಯನ್ನರ ಅಂಗಡಿಗಳಿಗೆ ಅಂಟಿಸಿ ಬರುತ್ತಿದ್ದರು. ಸೊಪ್ಪು ಬೇಯಿಸುವ ಕಾಲ ಬಂತೆಂದರೆ ಅವರಿಗೆ ನಿದ್ದೆ ಹತ್ತುತ್ತಿರಲಿಲ್ಲ. ಬ್ಯಾರನ್ ಮುಂದೆ ಆಳೆತ್ತರ ಸೌದೆ ಒಟ್ಟಿರುತ್ತಾರೆ, ಅದರ ಬಿಸುಪಿಗೆ ಇಲಿ ಬರುತ್ತವೆ, ಇಲಿಯ ಹಿಂದೆ ಹುಳ. "ಸೌದೆ ಎಳೆಯೋ ಮುಂಚೆ ದೊಣ್ಣೇಲಿ ಬಡೀರಿ ಕಣ್ರಪ್ಪ" ಎಂದು ಕಂಡಕಂಡವರಿಗೆಲ್ಲ ಹೇಳುತ್ತಿದ್ದರು.

ಟೈಪಿಂಗಿನಲ್ಲಿ ಮಾತ್ರ ಅವರದು ಹೆಬ್ಬೆರಳಿನ ಕಾರುಬಾರು. ಒಂದು ದಿನ ಫೋನ್ ನಂಬರನ್ನು ತಂದು ಬಾಟ್ಲಿಯ ಕಾಲಂನಲ್ಲಿ ಹಾಕಿಬಿಟ್ಟಿದ್ದರು. ಒಂದೇ ಆಸ್ಪತ್ರೆಯಲ್ಲಿ ಒಂಬೈನೂರು ಚಿಲ್ಲರೆ ಕೋಟಿ ಬಾಟ್ಲಿ. "ಪ್ರಪಂಚದ ಹಾವೆಲ್ಲ ಸಾಲಾಗಿ ಬಂದ್ರೂ ಸಾಕಾಗುತ್ತೆ ಬಿಡಿ ಸಾರ್" ಎಂದು ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವರು ನಗಲಿಲ್ಲ. "ನಗೋ ವಿಷ್ಯ ಅಲ್ಲ ಕಣವ್ವ. ಅಲ್ಲಿ ನಿಜವಾಗ್ಲೂ ಎರಡೇ ಇತ್ತು" ಎಂದರು.

ಮತ್ತೊಂದು ದಿನ ಒಂದು ಆಸ್ಪತ್ರೆಯವರು ಫೋನ್ ಎತ್ತಲಿಲ್ಲ. ಆಮೇಲೆ ತುಂಬಿದರಾಯಿತೆಂದು ಆ ಜಾಗ ಹಾಗೇ ಬಿಟ್ಟು, ಮರೆತೇಬಿಟ್ಟರು. ಪುಟದಲ್ಲಿ ದಿನವಿಡೀ ಆ ಹೆಸರಿನ ಮುಂದೆ ಏನೂ ಇರಲಿಲ್ಲ. ಸಂಜೆ ನಾನು ತೋರಿಸಿದಾಗ ತಲೆ ತಗ್ಗಿಸಿ ಕೂತರು. ನನಗೂ ರೇಗಿತ್ತು. ಇಂಥ ಮನುಷ್ಯರ ಮರೆವನ್ನು ನಂಬಿ ಕೂರುವುದಕ್ಕಿಂತ ಯಂತ್ರಕ್ಕೇ ಕಾವಲು ಹಾಕಿಬಿಡುತ್ತೇನೆ ಎಂದೆ.

ಮೂರು ದಿನ ಕೂತು ಆ ಕಾವಲು ಕಟ್ಟಿದೆ. ಕಾಂಪೌಂಡರು ಹಾಳೆ ಕಳಿಸಿದ ಕೂಡಲೇ ಯಂತ್ರ ತಾನೇ ಪುಟ ಕಟ್ಟಿ, ತಾನೇ ಪರೀಕ್ಷೆ ಮಾಡುತ್ತದೆ. ಹನ್ನೊಂದು ಹೆಸರೂ ಇವೆಯೇ? ಫೋನ್ ನಂಬರಿಗೆ ಹತ್ತು ಅಂಕಿ ಇವೆಯೇ? ಬಾಟ್ಲಿಯ ಕಾಲಂನಲ್ಲಿ ಸಣ್ಣ ಸಂಖ್ಯೆಯೇ ಇದೆಯೇ? ಯಾವ ಜಾಗವೂ ಖಾಲಿ ಇಲ್ಲವೇ? ಎಲ್ಲ ಸರಿಯಿದ್ದರೆ ಹಸಿರು ಗುರುತು, ಪುಟ ಮೇಲೇರುತ್ತದೆ. ಒಂದು ತಪ್ಪಿದರೂ ಕೆಂಪು ಗುರುತು, ಪುಟ ಏರುವುದಿಲ್ಲ, ನನ್ನ ಫೋನಿಗೊಂದು ಮೇಲ್ ಬರುತ್ತದೆ. ನಾನು ಅವರಿಗೆ ಹೇಳುತ್ತೇನೆ, ಅವರು ತಿದ್ದುತ್ತಾರೆ. ಬೇಕಂತಲೇ ತಪ್ಪು ತುಂಬಿ ಇಪ್ಪತ್ತು ಸಲ ನೋಡಿದೆ. ಇಪ್ಪತ್ತು ಸಲವೂ ಕೆಂಪು ಬಂತು. ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುವುದೊಂದು ಬಾಕಿ.

ಕಾಂಪೌಂಡರು ಸ್ಟೂಲಿನ ಮೇಲೆ ಕೂತು ಕುತ್ತಿಗೆ ವಾಲಿಸಿ ಎಲ್ಲವನ್ನೂ ನೋಡಿದರು. "ನಾವು ಔಷಧಿ ಕೊಡೋವಾಗ ಚೀಟಿ ಒಂದ್ಸಲ, ಬಾಟ್ಲಿ ಒಂದ್ಸಲ, ಆಮೇಲೆ ತಗೊಳ್ಳೋರ ಮುಖ ಒಂದ್ಸಲ ನೋಡ್ತಿದ್ದೋ. ನಿನ್ ಮಿಷನ್ನು ಮುಖ ನೋಡ್ತದಾ?" ಎಂದರು.

"ಮುಖ ನೋಡಿ ಏನು ಮಾಡ್ಬೇಕು ಸಾರ್? ಸಂಖ್ಯೆ ನೋಡಿದ್ರೆ ಆಯ್ತಪ್ಪ."

"ಆಯ್ತು ಬುಡು. ತಪ್ಪಿದ್ರೆ ಹೊಸದು ಏರಾಕಿಲ್ಲ ಅಂದ್ಯಲ್ಲ, ಆಗ ಜನಕ್ಕೆ ಏನು ಕಾಣ್ತದೆ?"

"ಹಿಂದಿನ ದಿನದ್ದೇ ಇರುತ್ತೆ. ಅರ್ಧಂಬರ್ಧ ತೋರಿಸೋದಕ್ಕಿಂತ ಅದು ವಾಸಿ ಅಲ್ವಾ?"

ಅವರು ಸ್ಟೂಲನ್ನು ಸ್ಕ್ರೀನಿನ ಹತ್ತಿರಕ್ಕೆ ಎಳೆದುಕೊಂಡರು. "ಹಳೇದು ಅಂತ ನೋಡ್ದೋರಿಗೆ ಗೊತ್ತಾಯ್ತದಾ?"

"ಮೇಲೆ ತಾರೀಖು ಇರುತ್ತಲ್ಲ ಸಾರ್. ಅಷ್ಟೂ ನೋಡದೆ ಇರ್ತಾರಾ?" ಎಂದೆ. ನನ್ನ ದನಿ ಸ್ವಲ್ಪ ಏರಿತ್ತು. ಅವರು ಎದ್ದು ಚೀಲ ಹೆಗಲಿಗೇರಿಸಿದರು. "ನೀನು ಓದಿರೋಳು, ನೋಡ್ಕಂಡು ಮಾಡಿರ್ತೀಯ" ಎಂದು ಹೊರಟರು. ಆ ಮಾತಿನಲ್ಲಿ ವ್ಯಂಗ್ಯ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು, ಸಿಟ್ಟಿಗಾದರೂ ಇನ್ನೊಂದು ಸಲ ಯೋಚನೆ ಮಾಡುತ್ತಿದ್ದೆ.

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ಇದು ನನಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ, ಅವರ ಜೊತೆ ಕೆಲಸ ಮಾಡಿದ್ದ ಇನ್ನೊಬ್ಬ ಹಳೆಯ ಕಾಂಪೌಂಡರ ಬಾಯಿಂದ. ಆ ತಲೆಮಾರಿನ ಕಾಂಪೌಂಡರುಗಳು ದಾಸ್ತಾನು ಪುಸ್ತಕದಲ್ಲಿ ಸೊನ್ನೆ ಬರೆಯುತ್ತಿರಲಿಲ್ಲ. ಮದ್ದು ಪೂರ್ತಿ ಮುಗಿದರೆ ಆ ಜಾಗವನ್ನು ಬರಿದಾಗಿ ಬಿಡುತ್ತಿದ್ದರು. ಸೊನ್ನೆ ಬರೆದರೆ, ಮುಗಿಯುವ ತನಕ ತರಿಸದೆ ಏನು ಮಾಡುತ್ತಿದ್ದೆ ಎಂದು ತಪಾಸಣೆಗೆ ಬಂದ ಸಾಹೇಬರು ಕೇಳುತ್ತಾರೆ. ಬರಿದಾಗಿ ಬಿಟ್ಟರೆ ಕೇಳುವುದಿಲ್ಲ. ಪುಸ್ತಕ ನೋಡುವ ಎಲ್ಲರಿಗೂ ಅದರ ಅರ್ಥ ಗೊತ್ತು: ಇಲ್ಲ. ಕೆಲಸಕ್ಕೆ ಸೇರಿದ ವಾರ ಹಿರಿಯರು ಹೇಳಿಕೊಟ್ಟದ್ದು, ಮೂವತ್ತು ವರ್ಷ ಕೈ ಅದನ್ನೇ ಮಾಡಿತ್ತು. ನಾನು ಕಾವಲು ಕಟ್ಟಿದ ಮೇಲೆ ಒಂದೂವರೆ ತಿಂಗಳು ಯಾವ ಆಸ್ಪತ್ರೆಯಲ್ಲೂ ಮದ್ದು ಪೂರ್ತಿ ಮುಗಿದಿರಲಿಲ್ಲ. ಎರಡೋ ಮೂರೋ ಉಳಿದಿರುವಾಗಲೇ ಕಾಂಪೌಂಡರು ಗಂಟುಬಿದ್ದು ತರಿಸುತ್ತಿದ್ದರು. ಮುಗಿದ ದಿನ ಏನು ಬರೆಯುತ್ತೀರಿ ಎಂದು ನಾನು ಕೇಳಲಿಲ್ಲ. ನನ್ನ ಪ್ರಕಾರ ಖಾಲಿ ಜಾಗ ಎಂದರೆ ಮರೆವು.

ಆ ಭಾನುವಾರ ಅವರು ಎಂದಿನಂತೆ ಆರೂವರೆಗೆ ಫೋನ್ ಮಾಡಿದ್ದಾರೆ. ಅವರ ಊರಿಗೆ ಎಲ್ಲಕ್ಕಿಂತ ಹತ್ತಿರದ ಆಸ್ಪತ್ರೆಯಲ್ಲಿ ಶನಿವಾರ ಹನ್ನೆರಡು ಬಾಟ್ಲಿ ಇದ್ದವು. ಸಂಜೆ ಬಂದ ಒಬ್ಬನಿಗೇ ಅಷ್ಟೂ ಖರ್ಚಾಗಿತ್ತು. ಕಾಂಪೌಂಡರು ಆ ಜಾಗವನ್ನು ಬರಿದು ಬಿಟ್ಟು ಹಾಳೆ ಕಳಿಸಿದ್ದಾರೆ. ಫೋನನ್ನು ಚಾರ್ಜಿಗಿಟ್ಟು, ತಮ್ಮ ಹೊಲದ ಬ್ಯಾರನ್‌ಗೆ ಸೌದೆ ತುಂಬಲು ಹೋಗಿದ್ದಾರೆ. ಯಂತ್ರ ಹಾಳೆಯನ್ನು ನಿಮಿಷದೊಳಗೆ ತಿರಸ್ಕರಿಸಿ ನನಗೆ ಮೇಲ್ ಹಾಕಿದೆ. ನಾನು ಅದನ್ನು ನೋಡದೆಯೇ ಒಂಬತ್ತರ ಹೊತ್ತಿಗೆ ಅಣ್ಣನ ಕಾರಿನ ಡಿಕ್ಕಿಗೆ ಒಂದು ಹಳೆಯ ಕಂಪ್ಯೂಟರ್ ಏರಿಸಿಕೊಂಡು ಹೊರಟೆ. ಹೆಬ್ಬೆರಳಿನಲ್ಲಿ ಒದ್ದಾಡುವುದು ತಪ್ಪಲಿ ಎಂದು ಅವರಿಗೇ ಕೊಡಲು. ಭಾನುವಾರ ನಾನು ಮೇಲ್ ನೋಡುತ್ತಿರಲಿಲ್ಲ. ಅದೊಂದು ಜಂಬ ನನಗೆ.

ಒಂಬತ್ತೂವರೆಗೆ ಅವರ ಊರು ಮುಟ್ಟಿದೆ. ಅವರ ಹೆಂಡತಿ ಬ್ಯಾರನ್ ಕಡೆಯಿಂದ ಸೀರೆ ಎತ್ತಿಕಟ್ಟಿ ಓಡಿ ಬರುತ್ತಿದ್ದರು. ಆ ಅಮ್ಮ ಓಡಿದ್ದನ್ನು ನಾನು ಎಂದೂ ನೋಡಿರಲಿಲ್ಲ. "ಮಗ, ಬೇಗ ಬಾ, ಇವ್ರು ಎಂಗೆಂಗೋ ಆಡ್ತಾವ್ರೆ" ಎಂದರು.

ಕಾಂಪೌಂಡರು ಗೋಣಿತಟ್ಟಿನ ಮೇಲೆ ಒಂದು ಮಗ್ಗುಲಾಗಿ ಮಲಗಿದ್ದರು. ಕಣಕಾಲಿನ ಮೇಲೆ ಎರಡು ಗುರುತು, ಸುತ್ತ ಊದಿತ್ತು. ಹಗ್ಗ ಕಟ್ಟಿರಲಿಲ್ಲ, ಕುಯ್ದಿರಲಿಲ್ಲ, ಓಡಿಯೂ ಇರಲಿಲ್ಲ. ಓಡಿದರೆ ವಿಷ ಬೇಗ ಏರುತ್ತದೆ, ಅಲ್ಲಾಡದೆ ಮಲಗಿ ಎಂದು ಊರಿಗೆಲ್ಲ ಹೇಳುತ್ತಿದ್ದವರು, ತಾವೂ ಹಾಗೇ ಮಲಗಿ ಯಾರಾದರೂ ಬರಲಿ ಎಂದು ಕಾದಿದ್ದಾರೆ. ಎಷ್ಟು ಹೊತ್ತು ಕಾದರೋ. ರೆಪ್ಪೆಗಳು ಅರ್ಧ ಮುಚ್ಚಿಹೋಗಿದ್ದವು. ನನ್ನನ್ನು ಕಂಡು ಬಾಯಿ ತೆರೆದರು. ನಾಲಿಗೆ ಹೊರಳಲಿಲ್ಲ. ಜೊಲ್ಲು ಇಳಿಯಿತು, ಮಾತು ಬರಲಿಲ್ಲ.

ಪಕ್ಕದ ಹೊಲದವರಿಬ್ಬರು ಓಡಿಬಂದು ಅವರನ್ನು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದರು. ಅಮ್ಮ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ನಾನು ಫೋನ್ ತೆಗೆದು ನಮ್ಮ ಪುಟ ನೋಡಿದೆ. ತಟ್ಟನೆ ತೆರೆದುಕೊಂಡಿತು. ಎಷ್ಟು ಬೇಗ ಬಂತು ಎಂದು ಆ ಗಳಿಗೆಯಲ್ಲೂ ನನ್ನೊಳಗೆ ಒಂದು ಹೆಮ್ಮೆ ಹಾದುಹೋಯಿತು. ಹೇಳಲು ನಾಚಿಕೆಯಾಗುತ್ತದೆ. ಹತ್ತಿರದ ಆಸ್ಪತ್ರೆಯ ಹೆಸರಿನ ಮುಂದೆ ಹನ್ನೆರಡು ಎಂದಿತ್ತು. ಮೇಲೆ ಶನಿವಾರದ ತಾರೀಖು ಇತ್ತು. ನಾನು ನೋಡಲಿಲ್ಲ.

ಊರು ದಾಟಿದ ಮೇಲೆ ರಸ್ತೆ ಎರಡಾಗುತ್ತದೆ. ಎಡಕ್ಕೆ ಹೋದರೆ ಆ ಆಸ್ಪತ್ರೆ. ಬಲಕ್ಕೆ ಹೋದರೆ ಹುಣಸೂರಿನ ದಾರಿ. ಕವಲು ಹತ್ತಿರ ಬಂದಾಗ ಹಿಂದಿನಿಂದ ಅವರ ಕೈ ಬಂದು ನನ್ನ ಭುಜ ಹಿಡಿಯಿತು. ಹಿಡಿತದಲ್ಲಿ ಬಲವಿರಲಿಲ್ಲ. ಆದರೂ ಬಲಗಡೆಗೆ ಎಳೆಯುತ್ತಿದ್ದರು. ಗಂಟಲಿನಿಂದ ಏನೋ ಸದ್ದು. ನೋವಿಗೆ ಒದ್ದಾಡುತ್ತಿದ್ದಾರೆ ಅಂದುಕೊಂಡೆ.

"ಗಾಬರಿ ಆಗ್ಬೇಡಿ ಸಾರ್. ಇಲ್ಲೇ ಹತ್ರದಲ್ಲೇ ಇದೆ. ಹನ್ನೆರಡು ಬಾಟ್ಲಿ ಇದೆ. ಪುಟ ನೋಡೇ ಹೋಗ್ತಿರೋದು" ಎಂದೆ.

ಕೈ ಮತ್ತೆ ಎಳೆಯಿತು. "ಅಮ್ಮ, ಅವರ ಕೈ ಹಿಡ್ಕೊಳ್ಳಿ, ಸ್ಟೇರಿಂಗಿಗೆ ತಾಗುತ್ತೆ" ಎಂದು ಗದರಿದೆ. ಅಮ್ಮ ಆ ಕೈಯನ್ನು ಬಿಡಿಸಿ ತಮ್ಮ ಎರಡು ಕೈಗಳಲ್ಲಿ ಹಿಡಿದುಕೊಂಡರು. ನಾನು ಎಡಕ್ಕೆ ತಿರುಗಿಸಿದೆ.

ಆಸ್ಪತ್ರೆಯ ಬಾಗಿಲಿಗೆ ಬಂದ ನರ್ಸಮ್ಮ ಕಾರಿನೊಳಗೆ ಬಗ್ಗಿ ನೋಡಿ ಎರಡು ಹೆಜ್ಜೆ ಹಿಂದೆ ಸರಿದರು. "ಅಯ್ಯೋ, ಇವ್ರನ್ಯಾಕೆ ಇಲ್ಲಿಗೆ ಕರ್ಕಂಬಂದ್ರಿ? ನಿನ್ನೆ ಸಂಜೇನೇ ಎಲ್ಲಾ ಮುಗೀತು ಅಂತ ಬೆಳಗ್ಗೆ ಸಾರ್‌ಗೇ ಹೇಳಿದ್ನಲ್ಲ. ಇವ್ರೇ ಫೋನ್ ಮಾಡಿದ್ದು" ಎಂದರು.

ತಿರುಗಿ ನೋಡಿದೆ. ಕಾಂಪೌಂಡರ ರೆಪ್ಪೆ ಪೂರ್ತಿ ಮುಚ್ಚಿತ್ತು. ಕೇಳಿಸುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಈ ವಿಷದಲ್ಲಿ ಕಿವಿ ಕೊನೆಯ ತನಕ ಕೇಳಿಸುತ್ತಿರಬಹುದು ಎಂದು ಆಮೇಲೆ ಒಬ್ಬ ಡಾಕ್ಟರು ಹೇಳಿದರು. ಆ ಡಾಕ್ಟರನ್ನು ನಾನು ಕೇಳಲೇಬಾರದಿತ್ತು.

ಅಲ್ಲಿದ್ದವರು ತಮ್ಮ ಕೈಲಾದ್ದೆಲ್ಲ ಮಾಡಿದರು. ಮೂಗಿಗೆ ಉಸಿರಿನ ಚೀಲ ಹಿಡಿದು ಒತ್ತುತ್ತಾ, ಆಂಬುಲೆನ್ಸಿನಲ್ಲಿ ಬಂದ ದಾರಿಯಲ್ಲೇ ವಾಪಸ್ಸು ಹೊರಟರು. ಅದೇ ಕವಲು ದಾಟಿ, ಹುಣಸೂರಿನ ಕಡೆಗೆ. ನಾನು ಕಾರಿನಲ್ಲಿ ಹಿಂದೆ ಹೋದೆ. ಹುಣಸೂರು ಮುಟ್ಟುವ ಮುಂಚೆಯೇ ಎದೆಬಡಿತ ನಿಂತಿತ್ತು. ಆಸ್ಪತ್ರೆಯ ಕಾರಿಡಾರಿನಲ್ಲಿ ಅವರ ನೆಂಟರಿಗೆ ತಿಳಿಸೋಣವೆಂದು ಫೋನ್ ತೆಗೆದಾಗ ಆ ಮೇಲ್ ಕಂಡಿತು. ಬೆಳಿಗ್ಗೆ ಆರು ಐವತ್ತೆರಡಕ್ಕೆ ಬಂದದ್ದು. ಕೆಂಪು ಗುರುತು. ಕೆಳಗೆ ನಾನೇ ಬರೆದಿಟ್ಟಿದ್ದ ಸಾಲು: ಬಾಟ್ಲಿ ಕಾಲಂ ಖಾಲಿ ಇದೆ, ಪುಟ ಏರಿಸಿಲ್ಲ.

ಅವರ ಕಾರ್ಯಕ್ಕೆ ನಾಲ್ಕೂ ತಾಲ್ಲೂಕಿನಿಂದ ಜನ ಬಂದಿದ್ದರು. ಹಳೆಯ ಕಾಂಪೌಂಡರು ನನಗೆ ಸೊನ್ನೆಯ ವಿಷಯ ಹೇಳಿದ್ದು ಅಲ್ಲೇ, ಊಟದ ಪಂಕ್ತಿಯಲ್ಲಿ, ಮಾತಿಗೆ ಮಾತು ಬಂದು. ನಾನು ತುತ್ತು ಕೈಯಲ್ಲಿ ಹಿಡಿದು ಹಾಗೇ ಕೂತಿದ್ದೆ. ಬಂದವರೆಲ್ಲ ನನ್ನನ್ನು ಹೊಗಳಿದರು. ಸಮಯಕ್ಕೆ ಕಾರು ತಂದ ಪುಣ್ಯಾತ್ಗಿತ್ತಿ ಎಂದರು. ನಾನು ಬಾಯಿ ಬಿಡಲಿಲ್ಲ. ಹೇಡಿ ಎಂದರೆ ನನ್ನಂಥವಳೇ.

ಕಾವಲನ್ನು ಆ ವಾರವೇ ಬದಲಾಯಿಸಿದೆ. ಈಗ ಖಾಲಿ ಬಿಟ್ಟರೆ ಪುಟ ಏರುತ್ತದೆ, ಆ ಜಾಗದಲ್ಲಿ ದಪ್ಪಗೆ "ಇಲ್ಲಿಗೆ ಹೋಗಬೇಡಿ" ಎಂದು ಬರುತ್ತದೆ. ಹಾಳೆ ಒಂದು ದಿನ ಹಳತಾದರೂ ಸಂಖ್ಯೆಗಳೆಲ್ಲ ಮಾಯವಾಗಿ, ಮೊದಲು ಫೋನ್ ಮಾಡಿ ಎನ್ನುವ ಮಾತು ಮಾತ್ರ ಉಳಿಯುತ್ತದೆ. ಎಲ್ಲ ಸೇರಿ ಅರ್ಧ ಗಂಟೆಯ ಕೆಲಸ. ಅರ್ಧ ಗಂಟೆ ಅಷ್ಟೇ. ಬೆಳಿಗ್ಗೆ ಹನ್ನೊಂದು ಕಡೆ ಫೋನ್ ಮಾಡುವುದನ್ನೂ ನಾನೇ ವಹಿಸಿಕೊಂಡೆ.

ಒಂದು ತಿಂಗಳಾದ ಮೇಲೆ ಅಮ್ಮನನ್ನು ನೋಡಲು ಹೋದೆ. ಕಾಫಿ ಕೊಟ್ಟು ಎದುರಿಗೆ ಕೂತರು. ಅದೂ ಇದೂ ಮಾತಾಡಿ ಇದ್ದಕ್ಕಿದ್ದಂತೆ ಕೇಳಿದರು:

"ಮಗ, ಅವತ್ತು ಕಾರಲ್ಲಿ ನಿನ್ ಭುಜ ಹಿಡ್ಕಂಡು ಎಳೀತಾ ಇದ್ರಲ್ಲ, ಏನೋ ಹೇಳೋಕೆ ನೋಡ್ತಿದ್ರು. ನಾನು ಕೈ ಬಿಡಿಸ್ಬುಟ್ಟೆ. ಏನಂತ ನಿಂಗೇನಾದ್ರೂ ಗೊತ್ತಾಯ್ತಾ?"

ಸುಳ್ಳು ಹೇಳಬಹುದಿತ್ತು. ನೋವಿಗೆ ಇರಬೇಕು ಬಿಡಿ ಅಮ್ಮ ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ನನ್ನ ಕೈಲಾಗಲಿಲ್ಲ. ಖಾಲಿ ಜಾಗ, ಕೆಂಪು ಗುರುತು, ನೋಡದ ಮೇಲ್, ನೋಡದ ತಾರೀಖು, ಒಂದೂ ಬಿಡದೆ ಹೇಳಿದೆ. ಬಲಕ್ಕೆ ತಿರುಗಿಸು ಎನ್ನುತ್ತಿದ್ದರು ಅಮ್ಮ, ಹತ್ತಿರದ್ದರಲ್ಲಿ ಮದ್ದು ಮುಗಿದಿರುವುದು, ಹುಣಸೂರಿನಲ್ಲಿ ಇರುವುದು ಅವರಿಗೆ ಗೊತ್ತಿತ್ತು ಎಂದೆ.

ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಬಲಕ್ಕೆ ಹೋಗಿದ್ರೆ ಉಳೀತಿದ್ರಾ?"

"ಉಳೀಬಹುದಿತ್ತು ಅಂದ್ರು ಡಾಕ್ಟರು."

ಅವರು ಎದ್ದು ನನ್ನ ಲೋಟ ತೆಗೆದುಕೊಂಡರು. ಅದರಲ್ಲಿ ಕಾಫಿ ಇನ್ನೂ ಅರ್ಧ ಇತ್ತು. "ಹೇಳಿದ್ದು ಒಳ್ಳೇದಾಯ್ತು. ಹೋಗ್ಬಾ ಮಗ. ಇನ್ನು ಈ ಕಡೆ ಬರ್ಬೇಡ" ಎಂದರು. ದನಿಯಲ್ಲಿ ಕೋಪ ಇರಲಿಲ್ಲ. ಒಳಗೆ ಹೋದವರು ಮತ್ತೆ ಹೊರಗೆ ಬರಲಿಲ್ಲ. ಸ್ವಲ್ಪ ಹೊತ್ತು ಕಾದು ನಾನೇ ಚಪ್ಪಲಿ ಮೆಟ್ಟಿಕೊಂಡೆ.

ನಾಲ್ಕನೇ ದಿನ ಬೆಳಿಗ್ಗೆ ಫೋನ್ ಮಾಡಲು ಕೂತು ಹಾಳೆ ತೆರೆದರೆ, ಅದು ಆಗಲೇ ತುಂಬಿತ್ತು. ಹನ್ನೊಂದೂ ಸಾಲು. ಕಾಂಪೌಂಡರ ಫೋನಿನಿಂದ ಬಂದಿತ್ತು. ಎರಡು ಕಡೆ ಕೇಳಿ ನೋಡಿದೆ. ಹೌದು, ಈಗ ತಾನೇ ಸಾರ್ ಮನೆಯವರು ಫೋನ್ ಮಾಡಿದ್ದರು, ನಿಧಾನಕ್ಕೆ ಬರ್ಕಂಡ್ರು ಎಂದರು. ಅವತ್ತಿನಿಂದ ಒಂದು ದಿನವೂ ತಪ್ಪಿಲ್ಲ. ಆ ಅಮ್ಮ ಹನ್ನೊಂದು ಆಸ್ಪತ್ರೆಗಳಿಗೂ ಫೋನ್ ಮಾಡುತ್ತಾರೆ. ನನಗೆ ಮಾತ್ರ ಮಾಡುವುದಿಲ್ಲ.